ಮಿನೆಟ್ ಡಿ ಸಿಲ್ವಾ: ಬಾವಾ ಅವರಿಗಿಂತ ಮೊದಲು ನಡೆದವರ ದಾರಿ

ಪ್ರಶ್ನೆ: ನಾನು ವಾಸ್ತುಶಿಲ್ಪ ಪದವಿಯ ನಾಲ್ಕನೆಯ ವರ್ಷದಲ್ಲಿ ಓದುತ್ತಿದ್ದೇನೆ. ಶ್ರೀಲಂಕಾದ ಆಧುನಿಕ ವಾಸ್ತುಶಿಲ್ಪ ಎಂದರೆ ನಮ್ಮ ತರಗತಿಯಲ್ಲಿ ಜೆಫ್ರಿ ಬಾವಾ ಅವರ ಹೆಸರೊಂದೇ ಬರುತ್ತದೆ. ಅವರಿಗಿಂತ ಮೊದಲೇ ಅದೇ ದಾರಿ ಹಿಡಿದಿದ್ದ ಮಿನೆಟ್ ಡಿ ಸಿಲ್ವಾ ಎಂಬ ಮಹಿಳೆಯೊಬ್ಬರು ಇದ್ದರೆಂದೂ ಅವರು ಕೆಲಕಾಲ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದರೆಂದೂ ಈಚೆಗೆ ಓದಿದೆ. ಇದು ನಿಜವೇ? ನಿಜವಾಗಿದ್ದರೆ ಅವರ ಹೆಸರು ಏಕೆ ಕೇಳಿಬರುವುದಿಲ್ಲ? ನನ್ನ ಕಿರುಪ್ರಬಂಧಕ್ಕೆ ಅವರ ಯಾವ ಕೆಲಸವನ್ನು ಆರಿಸಿಕೊಳ್ಳಬಹುದು?

ಉತ್ತರ: ನೀವು ಓದಿದ ಎರಡೂ ಸಂಗತಿಗಳು ನಿಜ. ಆದರೆ ಮಿನೆಟ್ ಅವರ ಬಗ್ಗೆ ಸುಲಭವಾಗಿ ಸಿಗುವ ಬರಹಗಳಲ್ಲಿ ಹೆಚ್ಚಿನವು ಒಂದೇ ಛಾಯಾಚಿತ್ರದಿಂದ ಆರಂಭವಾಗುತ್ತವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸೀರೆಯುಟ್ಟ ಒಬ್ಬ ತರುಣಿ, ಪಕ್ಕದಲ್ಲಿ ಆಧುನಿಕ ವಾಸ್ತುಶಿಲ್ಪದ ಪ್ರಮುಖರಲ್ಲಿ ಒಬ್ಬರಾದ ಲೆ ಕಾರ್ಬೂಸಿಯೆ. ಆ ಬರಹಗಳು ಅಲ್ಲಿಂದ ಮುಂದೆ ಅವರ ಸೌಂದರ್ಯ, ಅವರ ಗೆಳೆತನಗಳು, ‘ಮೊದಲ ಮಹಿಳೆ’ ಎಂಬ ಬಿರುದು, ಇಷ್ಟರಲ್ಲೇ ಸುತ್ತಿ ಮುಗಿಯುತ್ತವೆ. ಬಿರುದು ಸುಳ್ಳಲ್ಲ. ಬ್ರಿಟನ್ನಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್ ಸಂಸ್ಥೆಗೆ 1948ರಲ್ಲಿ ಅಸೋಸಿಯೇಟ್ ಆಗಿ ಆಯ್ಕೆಯಾದ ಮೊದಲ ಏಷ್ಯನ್ ಮಹಿಳೆ ಅವರೇ. ಆದರೆ ವಿದ್ಯಾರ್ಥಿಯಾಗಿ ನೀವು ಗಮನಿಸಬೇಕಾದದ್ದು, ಕಾಂಕ್ರೀಟಿನ ಚೌಕಟ್ಟು, ಉಷ್ಣವಲಯದ ಹವೆ ಮತ್ತು ಊರಿನ ಕುಶಲಕರ್ಮಿಗಳ ಕೈಕೆಲಸ ಈ ಮೂರನ್ನೂ ಒಂದೇ ಮನೆಯಲ್ಲಿ ಹೊಂದಿಸುವುದು ಹೇಗೆ ಎಂಬ ಪ್ರಶ್ನೆಗೆ ಅವರು ಬಹಳ ಬೇಗ, ಕಟ್ಟಡದ ರೂಪದಲ್ಲಿಯೇ ಉತ್ತರ ಕೊಟ್ಟಿದ್ದರು ಎಂಬುದನ್ನು. ನನ್ನ ಉತ್ತರ ಮುಖ್ಯವಾಗಿ ಅದರ ಬಗ್ಗೆಯೇ ಇರುತ್ತದೆ.

ಮಿನೆಟ್ ಹುಟ್ಟಿದ್ದು 1918ರ ಫೆಬ್ರವರಿ 1ರಂದು, ಕ್ಯಾಂಡಿಯಲ್ಲಿ. ತಂದೆ ಜಾರ್ಜ್ ಇ. ಡಿ ಸಿಲ್ವಾ ಸಾಧಾರಣ ಸಿಂಹಳ ಬೌದ್ಧ ಮನೆತನದಿಂದ ಮೇಲೆ ಬಂದ ವಕೀಲರು. ಸಿಲೋನ್ (ಶ್ರೀಲಂಕಾದ ಆಗಿನ ಹೆಸರು) ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಮುಂದೆ ಆರೋಗ್ಯ ಸಚಿವರಾಗಿ ಕೆಲಸ ಮಾಡಿದವರು. ತಾಯಿ ಆಗ್ನೆಸ್ ನೆಲ್ ಯುರೋಪಿಯನ್ ಮೂಲದ ಬರ್ಗರ್ ಸಮುದಾಯದ ಕ್ರೈಸ್ತರು. ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದವರಲ್ಲಿ ಮುಂಚೂಣಿಯಲ್ಲಿದ್ದವರು. 1931ರಲ್ಲಿ ಸಿಲೋನಿನಲ್ಲಿ ಸಾರ್ವತ್ರಿಕ ಮತದಾನ ಜಾರಿಗೆ ಬಂದಾಗ ಅದರ ಹಿಂದೆ ಇಂಥ ಮಹಿಳೆಯರ ಶ್ರಮವಿತ್ತು. ಕ್ಯಾಂಡಿಯ ಸಾಂಪ್ರದಾಯಿಕ ಕಲೆ ಮತ್ತು ಕೈಕಸುಬುಗಳು ವಸಾಹತು ಆಡಳಿತದಲ್ಲಿ ನಶಿಸುತ್ತಿರುವುದನ್ನು ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ 1908ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ವಿವರವಾಗಿ ದಾಖಲಿಸಿದ್ದರು. ಮಿನೆಟ್ ಬೆಳೆದದ್ದು ಆ ಚಿಂತೆ ಮನೆಮಾತಾಗಿದ್ದ ವಾತಾವರಣದಲ್ಲಿ. ಮುಂದೆ ಅವರು ನೇಕಾರರನ್ನೂ ಕುಂಬಾರರನ್ನೂ ಕಟ್ಟಡದ ಕೆಲಸಕ್ಕೆ ಕರೆದದ್ದು ಒಂದು ದಿನದ ಹುಕಿಯಿಂದಲ್ಲ ಎಂಬುದನ್ನು ತಿಳಿಯಲು ಈ ಹಿನ್ನೆಲೆ ಬೇಕು.

ಸಿಲೋನಿನಲ್ಲಿ ಆಗ ವಾಸ್ತುಶಿಲ್ಪ ಕಲಿಸುವ ಶಾಲೆ ಇರಲಿಲ್ಲ. ಮನೆಯವರನ್ನು ಒಪ್ಪಿಸಿ ಅವರು ಬೊಂಬಾಯಿಗೆ ಬಂದರು. ಮಿಸ್ತ್ರಿ ಅಂಡ್ ಭೇದ್ವಾರ್ ಕಚೇರಿಯಲ್ಲಿ ಕೆಲಸ ಕಲಿತರು. ಭಾರತದಲ್ಲಿ ಅರ್ಹತೆ ಪಡೆದ ಮೊದಲ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಪೆರಿನ್ ಮಿಸ್ತ್ರಿ ಅವರ ಸ್ನೇಹ ಬೆಳೆದದ್ದು ಅಲ್ಲಿಯೇ. ಅನಂತರ ಸರ್ ಜೆ.ಜೆ. ಕಲಾಶಾಲೆಗೆ ಸೇರಿದರು. ಗಾಂಧೀಜಿಯವರ ಬಿಡುಗಡೆಗೆ ಒತ್ತಾಯಿಸುವ ಮೆರವಣಿಗೆಯಲ್ಲಿ ಭಾಗವಹಿಸಿದ್ದಕ್ಕೆ ಶಾಲೆ ಕ್ಷಮಾಪಣೆ ಪತ್ರ ಕೇಳಿತು, ಇವರು ಬರೆದುಕೊಡಲಿಲ್ಲ, ಹೊರಹಾಕಲ್ಪಟ್ಟರು. ಬೆಂಗಳೂರಿನ ಅಧ್ಯಾಯ ತೆರೆದುಕೊಳ್ಳುವುದು ಇಲ್ಲಿಂದ.

ಬರ್ಲಿನ್ನಿನಲ್ಲಿ ಹುಟ್ಟಿದ ಒಟ್ಟೊ ಕೋನಿಗ್ಸ್‌ಬರ್ಗರ್ ನಾಜಿ ಆಡಳಿತದಿಂದ ದೂರವಾಗಿ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಇಲ್ಲಿ ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ವೈಮಾನಿಕ ಎಂಜಿನಿಯರಿಂಗ್ ವಿಭಾಗದ ಕಟ್ಟಡ ಅವರ ವಿನ್ಯಾಸ. ಮಿನೆಟ್ ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅವರ ಕೈಕೆಳಗೆ ಬೆಂಗಳೂರಿನಲ್ಲಿ ಕೆಲಸ ಮಾಡಿದರು. ಆಗ ಕೋನಿಗ್ಸ್‌ಬರ್ಗರ್ ಟಾಟಾ ಕಂಪನಿಗಾಗಿ ಜಮ್‌ಶೆಡ್‌ಪುರದ ನಗರ ಯೋಜನೆಯನ್ನು ರೂಪಿಸುತ್ತಿದ್ದರು. ಅದಕ್ಕೆ ಬೇಕಾದ, ಭಾಗಗಳನ್ನು ಮೊದಲೇ ತಯಾರಿಸಿ ಜೋಡಿಸುವ ಮನೆಗಳ ಕೆಲಸದಲ್ಲಿ ಮಿನೆಟ್ ತೊಡಗಿದ್ದರು. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಒಂದು ಶಾಸ್ತ್ರವಾಗಿಯೇ ಕಲಿಸಿದವರು ಈ ಕೋನಿಗ್ಸ್‌ಬರ್ಗರ್. ಮಿನೆಟ್ ಅವರ ಮನೆಗಳಲ್ಲಿ ಗಾಳಿ, ನೆರಳು, ಮಳೆಗಳ ಬಗ್ಗೆ ಕಾಣುವ ಎಚ್ಚರವೆಲ್ಲ ಬೆಂಗಳೂರಿನ ಕೊಡುಗೆ ಎಂದು ಹೇಳಿದರೆ ಅದು ನಮ್ಮೂರಿನ ಅಭಿಮಾನವಷ್ಟೇ ಆದೀತು. ಆದರೆ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಅವರು ಇಪ್ಪತ್ತಾರು, ಇಪ್ಪತ್ತೇಳರ ವಯಸ್ಸಿನಲ್ಲಿ ಕುಳಿತಿದ್ದರು ಎಂಬುದನ್ನು ಮರೆಯುವಂತೆಯೂ ಇಲ್ಲ.

ಅವರ ಅಕ್ಕ ಅನಿಲ್ ಡಿ ಸಿಲ್ವಾ ಅವರ ಹೆಸರನ್ನೂ ಇಲ್ಲಿಯೇ ಹೇಳಬೇಕು. ಜನಪರ ರಂಗ ಚಳವಳಿಯಾದ ಇಂಡಿಯನ್ ಪೀಪಲ್ಸ್ ಥಿಯೇಟರಿನ ಮೊದಲ ಘಟಕವನ್ನು 1941ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದವರು ಅವರು. 1946ರಲ್ಲಿ ಲೇಖಕ ಮುಲ್ಕ್ ರಾಜ್ ಆನಂದ್ ಅವರೊಂದಿಗೆ ಬೊಂಬಾಯಿಯಲ್ಲಿ ಕಲೆ ಮತ್ತು ವಾಸ್ತುಶಿಲ್ಪದ ‘ಮಾರ್ಗ್’ ಪತ್ರಿಕೆ ಹುಟ್ಟುಹಾಕಿದಾಗಲೂ ಅನಿಲ್ ಮುಂದೆ ಇದ್ದರು, ಮಿನೆಟ್ ಆ ಬಳಗದಲ್ಲಿದ್ದರು. ಆ ಪತ್ರಿಕೆಯ ಪ್ರಸ್ತಾಪ ಮುಂದೆ ಮತ್ತೆ ಬರುತ್ತದೆ.

ಯುದ್ಧ ಮುಗಿದ ಮೇಲೆ ಮಿನೆಟ್ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಗೆ ಹೋದರು. 1947ರಲ್ಲಿ ಇಂಗ್ಲೆಂಡಿನ ಬ್ರಿಜ್‌ವಾಟರ್ ಊರಿನಲ್ಲಿ ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಕೂಟವಾದ ಸಿಯಾಮ್‌ನ ಸಮ್ಮೇಳನ ನಡೆದಾಗ ‘ಮಾರ್ಗ್’ ಬಳಗದ ಪ್ರತಿನಿಧಿಯಾಗಿ ಅದರಲ್ಲಿ ಭಾಗವಹಿಸಿದರು. ಲೆ ಕಾರ್ಬೂಸಿಯೆ ಅವರ ಸ್ನೇಹ ಬಾಳಿದ್ದು ಪತ್ರಗಳ ಮೂಲಕ, ಹಲವು ವರ್ಷಗಳ ಕಾಲ. ಮರುವರ್ಷ ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ನಡೆದ ಬುದ್ಧಿಜೀವಿಗಳ ಸಮ್ಮೇಳನದಲ್ಲಿ ಪಿಕಾಸೊ ಜೊತೆಗಿನ ಚಿತ್ರವೂ ಇದೆ. ಈ ಚಿತ್ರಗಳನ್ನು ಮಿನೆಟ್ ಜೋಪಾನವಾಗಿ ಕಾದಿಟ್ಟುಕೊಂಡಿದ್ದರು. ತಮ್ಮ ಆತ್ಮಕಥನದಲ್ಲಿಯೂ ಧಾರಾಳವಾಗಿ ಬಳಸಿಕೊಂಡರು. ಹಾಗಾಗಿ ಅವರನ್ನು ಚಿತ್ರಗಳ ಮೂಲಕವೇ ನೆನೆಯುವ ರೂಢಿಗೆ ಅವರ ಪಾಲೂ ಸ್ವಲ್ಪ ಇದೆ ಎಂದು ನನಗೆ ಅನಿಸುತ್ತದೆ.

1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಓದು ಮುಗಿದ ಮಗಳು ಊರಿಗೆ ಮರಳಿ ಹೊಸ ದೇಶಕ್ಕೆ ದುಡಿಯಬೇಕೆಂಬುದು ತಂದೆಯ ಒತ್ತಾಯವಾಗಿತ್ತು. ಮಿನೆಟ್ ಹಿಂದಿರುಗಿ, ರಾಜಧಾನಿ ಕೊಲಂಬೊದಲ್ಲಿ ಅಲ್ಲ, ಕ್ಯಾಂಡಿಯ ತಮ್ಮ ಮನೆಯಲ್ಲಿಯೇ ಕಚೇರಿ ತೆರೆದರು. ತಂದೆಯ ಹೆಸರಿನ ಬಲ ಊರಿನಲ್ಲಿ ಇದ್ದರೂ, ಗಂಡನಾಗಲಿ ಸಹೋದರನಾಗಲಿ ಹಿರಿಯ ಪಾಲುದಾರನಾಗಲಿ ಜೊತೆಗಿಲ್ಲದೆ ಹೆಣ್ಣೊಬ್ಬಳು ಕಟ್ಟಡ ಕಟ್ಟಿಸುವುದನ್ನು ಗುತ್ತಿಗೆದಾರರು ನಂಬಲಿಲ್ಲ. ಹೆಣ್ಣೆಂಬ ಕಾರಣಕ್ಕೆ ತಮ್ಮ ಕೆಲಸವನ್ನು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ ಎಂಬರ್ಥದ ಮಾತನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು.

ಮೊದಲ ದೊಡ್ಡ ಕೆಲಸ ಕ್ಯಾಂಡಿಯ ಕರುಣಾರತ್ನೆ ಮನೆ. 1949ರಲ್ಲಿ ವಿನ್ಯಾಸ ಆರಂಭವಾಗಿ 1951ರ ಹೊತ್ತಿಗೆ ಮುಗಿದದ್ದು. ಶ್ರೀಲಂಕಾದಲ್ಲಿ ಮಹಿಳೆಯೊಬ್ಬರು ವಿನ್ಯಾಸ ಮಾಡಿದ ಮೊದಲ ಕಟ್ಟಡವೆಂದು ಇದನ್ನು ಗುರುತಿಸುತ್ತಾರೆ. ನಿವೇಶನ ಕಡಿದಾದ ಇಳಿಜಾರು. ಬೇರೆ ಯಾರಾದರೂ ಆಗಿದ್ದರೆ ಗುಡ್ಡ ಕಡಿದು ಸಮತಟ್ಟು ಮಾಡಿ ಅದರ ಮೇಲೊಂದು ಬಂಗಲೆ ನಿಲ್ಲಿಸುತ್ತಿದ್ದರು. ಬ್ರಿಟಿಷರ ಕಾಲದ ಲೋಕೋಪಯೋಗಿ ಇಲಾಖೆಯ ರೂಢಿಯೂ ಅದೇ. ಮಿನೆಟ್ ಮನೆಯನ್ನೇ ಮುರಿದು, ಇಳಿಜಾರಿನೊಂದಿಗೆ ಇಳಿಯುವ ಹಂತಗಳಾಗಿ ಮಾಡಿದರು. ಕೋಣೆಗಳ ನಡುವೆ ಅರ್ಧ ಮಹಡಿಯ ವ್ಯತ್ಯಾಸ ಇರುವುದರಿಂದ ಒಂದು ಹಂತದಲ್ಲಿ ನಿಂತವರಿಗೆ ಇನ್ನೊಂದು ಹಂತ ಕಾಣುತ್ತದೆ, ಗಾಳಿ ಒಂದರಿಂದ ಇನ್ನೊಂದಕ್ಕೆ ಹಾಯುತ್ತದೆ, ಜಗಲಿ ಮತ್ತು ತೋಟ ಒಳಮನೆಯ ಮುಂದುವರಿಕೆಯಂತೆ ಬರುತ್ತವೆ.

ಈ ಮನೆಯ ಒಳಗಿನ ವಿವರಗಳನ್ನು ನೀವು ನಿಧಾನವಾಗಿ ನೋಡಬೇಕು. ಕ್ಯಾಂಡಿಯ ಬಳಿಯ ದುಂಬರ ಪ್ರದೇಶದಲ್ಲಿ ನಾರಿನಿಂದ ಚಾಪೆ ನೇಯುವ ಹಳೆಯ ಕಸುಬು ಇದೆ. ಜ್ಯಾಮಿತಿಯ ಆಕೃತಿಗಳೂ ಪ್ರಾಣಿಗಳ ರೂಪಗಳೂ ಅದರಲ್ಲಿ ಬರುತ್ತವೆ. ಆ ನೇಕಾರರಿಂದ ಮಿನೆಟ್ ಬಾಗಿಲಿಗೆ ಕೂರಿಸುವ ಹಲಗೆಗಳ ಅಳತೆಗೆ ನೇಯಿಸಿದರು. ಮೆಟ್ಟಿಲ ಕಟಕಟೆಯ ಕಂಬಿಗಳನ್ನು ಕಡೆದು ಅರಗಿನ ಬಣ್ಣ ಏರಿಸಿದವರು ಕ್ಯಾಂಡಿಯ ಅರಗಿನ ಕೆಲಸದವರು. ನಮ್ಮ ಚನ್ನಪಟ್ಟಣದ ಬೊಂಬೆಗಳ ಹೊಳಪನ್ನು ಬಲ್ಲವರಿಗೆ ಆ ಕಂಬಿಗಳು ಹೇಗೆ ಕಾಣುತ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ. ಸುಟ್ಟ ಮಣ್ಣಿನ ಬಿಲ್ಲೆಗಳ ಮೇಲೆ ಉಬ್ಬು ಚಿತ್ರಗಳು. ಗೋಡೆಯ ಮೇಲೆ ಕ್ಯಾಂಡಿಯವರೇ ಆದ ಚಿತ್ರಕಾರ ಜಾರ್ಜ್ ಕೀಟ್ ಬರೆದ ಭಿತ್ತಿಚಿತ್ರ. ಇವೆಲ್ಲ ಕಟ್ಟಡ ಮುಗಿದ ಮೇಲೆ ತಂದು ತೂಗುಹಾಕಿದ ಅಲಂಕಾರಗಳಲ್ಲ ಎಂಬುದನ್ನು ಗಮನಿಸಿ. ನೇಯ್ದ ಹಲಗೆಯೇ ಬಾಗಿಲು, ಅರಗಿನ ಕಂಬಿಯೇ ಕಟಕಟೆ. ಕಸುಬನ್ನು ಕಟ್ಟಡದ ಒಂದು ಅಂಗವಾಗಿ ಬಳಸಿದರೆ ಕಸುಬುದಾರನಿಗೆ ಮತ್ತೆ ಮತ್ತೆ ಕೆಲಸ ಸಿಗುತ್ತದೆ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆ ಒಮ್ಮೆ ಹೋದ ವಸ್ತುವಿಗೆ ಎರಡನೆಯ ಗಿರಾಕಿ ಬರುವುದಿಲ್ಲ. ಇದು ಸೌಂದರ್ಯಕ್ಕಿಂತ ಹೆಚ್ಚಾಗಿ ಆರ್ಥಿಕತೆಯ ವಾದ, ಮತ್ತು ಕುಮಾರಸ್ವಾಮಿಯವರ ಕಳವಳಕ್ಕೆ ವಾಸ್ತುಶಿಲ್ಪಿಯೊಬ್ಬರು ಕೊಟ್ಟ ನೇರ ಉತ್ತರ.

ಈ ಮನೆಯ ಬಗ್ಗೆ ಮಿನೆಟ್ 1953ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಬರೆದರು. ತಮ್ಮ ಕೆಲಸವನ್ನು ಅವರು ಕರೆದದ್ದು ‘ಆಧುನಿಕ ಪ್ರಾದೇಶಿಕ ವಾಸ್ತುಶಿಲ್ಪ’ ಎಂದು. ಪರಂಪರೆಯನ್ನು ನಕಲು ಮಾಡುವುದೂ ಬೇಡ, ಪಶ್ಚಿಮದ ಆಧುನಿಕತೆಯನ್ನು ಹಾಗೆಯೇ ಇಳಿಸಿಕೊಳ್ಳುವುದೂ ಬೇಡ, ಎರಡರಿಂದಲೂ ನಮಗೆ ಬೇಕಾದದ್ದನ್ನು ಪರೀಕ್ಷಿಸಿ ತೆಗೆದುಕೊಳ್ಳಬೇಕು ಎಂಬುದು ಅವರ ವಾದದ ತಿರುಳು. ನಿಮ್ಮ ಪಠ್ಯದಲ್ಲಿ ‘ಕ್ರಿಟಿಕಲ್ ರೀಜನಲಿಸಂ’, ಅಂದರೆ ವಿಮರ್ಶಾತ್ಮಕ ಪ್ರಾದೇಶಿಕತೆ, ಎಂಬ ಅಧ್ಯಾಯ ಇದ್ದೇ ಇರುತ್ತದೆ. ಅದು ಅಲೆಕ್ಸಾಂಡರ್ ಜೊನಿಸ್, ಲಿಯಾನ್ ಲೆಫೈವ್ರ್ ಮತ್ತು ಕೆನೆತ್ ಫ್ರಾಂಪ್ಟನ್ ಅವರ 1980ರ ದಶಕದ ಬರಹಗಳಿಂದ ಆರಂಭವಾಗುತ್ತದೆ. ಕ್ಯಾಂಡಿಯಿಂದ ಬಂದ ಬರಹಕ್ಕೂ ಅವುಗಳಿಗೂ ನಡುವೆ ಮೂರು ದಶಕಗಳ ಅಂತರ. ಇಬ್ಬರೂ ಹೇಳಿದ್ದು ಒಂದೇ ಎಂದು ನಾನು ಹೇಳುತ್ತಿಲ್ಲ. ಫ್ರಾಂಪ್ಟನ್ ಅವರದು ಜಾಗತಿಕ ಬಂಡವಾಳದ ಏಕರೂಪತೆಗೆ ಒಡ್ಡುವ ಪ್ರತಿರೋಧದ ಸಿದ್ಧಾಂತ; ಮಿನೆಟ್ ಅವರದು ಆಗತಾನೆ ಸ್ವತಂತ್ರವಾದ ಪುಟ್ಟ ದೇಶವೊಂದರಲ್ಲಿ ನಾಳೆ ಬೆಳಿಗ್ಗೆ ಏನು ಕಟ್ಟಬೇಕು ಎಂಬ ಕೆಲಸದ ಪ್ರಶ್ನೆ. ನಿಮ್ಮ ಪ್ರಬಂಧದಲ್ಲಿ ಈ ವ್ಯತ್ಯಾಸವನ್ನು ಉಳಿಸಿಕೊಳ್ಳಿ.

ಕೊಲಂಬೊದ ಆಲ್ಫ್ರೆಡ್ ಹೌಸ್ ಗಾರ್ಡನ್ಸ್ ಬಡಾವಣೆಯಲ್ಲಿ 1950ರ ದಶಕದ ಮೊದಲರ್ಧದಲ್ಲಿ ಕಟ್ಟಿದ ಪೀರಿಸ್ ಮನೆಯಲ್ಲಿ ಅದೇ ಆಲೋಚನೆ ನಗರದ ಸಮತಟ್ಟಾದ, ಇಕ್ಕಟ್ಟಾದ ನಿವೇಶನಕ್ಕೆ ಹೊಂದಿಕೊಳ್ಳುತ್ತದೆ. ಮನೆಯ ಮುಖ್ಯ ಭಾಗ ಕಂಬಗಳ ಮೇಲೆ ಎತ್ತರದಲ್ಲಿದೆ. ಇದು ಲೆ ಕಾರ್ಬೂಸಿಯೆ ಅವರಿಂದ ಬಂದದ್ದು. ಕೆಳಗೆ ತೆರೆದ ನೆಲ ಮತ್ತು ಸಿಂಹಳ ಮನೆಗಳ ಮಿದುಲ, ಅಂದರೆ ನಮ್ಮ ತೊಟ್ಟಿ, ಇದು ಊರಿನದು. ಅದೇ ನಗರದ ಗ್ರೆಗರಿ ರಸ್ತೆಯ ಸೇನಾನಾಯಕೆ ಫ್ಲಾಟುಗಳು ಅದೇ ದಶಕದ ಇನ್ನೊಂದು ಕೆಲಸ.

ಆದರೆ ಕರುಣಾರತ್ನೆ ಮನೆಯಷ್ಟೇ, ಕೆಲವು ದೃಷ್ಟಿಗಳಿಂದ ಅದಕ್ಕಿಂತ ಹೆಚ್ಚು ಮುಖ್ಯವಾದದ್ದು ಕ್ಯಾಂಡಿಯ ಹೊರವಲಯದ ವಟಪುಲುವ ವಸತಿ ಯೋಜನೆ. 1958ರಲ್ಲಿ ಮುಗಿದ ಈ ಬಡಾವಣೆ ಸರ್ಕಾರಿ ನೌಕರರಿಗಾಗಿ ಕಟ್ಟಿದ್ದು. ಸುಮಾರು 250 ಮನೆಗಳು. ಸರ್ಕಾರಿ ವಸತಿ ಎಂದರೆ ಒಂದೇ ನಕ್ಷೆಯನ್ನು ಇನ್ನೂರೈವತ್ತು ಬಾರಿ ಮುದ್ರಿಸುವುದು ಎಂಬುದು ಆಗಿನ ರೂಢಿ. ಈಗಲೂ ಹೆಚ್ಚು ಬದಲಾಗಿಲ್ಲ. ಮಿನೆಟ್ ನಕ್ಷೆಗೆ ಮೊದಲು ಪ್ರಶ್ನಾವಳಿ ತಯಾರಿಸಿದರು. ಮುಂದೆ ಅಲ್ಲಿ ವಾಸಿಸಬೇಕಾದ ಕುಟುಂಬಗಳನ್ನು ಸೇರಿಸಿ ಮಾತನಾಡಿದರು: ಮನೆಯಲ್ಲಿ ಎಷ್ಟು ಜನ, ಅಡುಗೆ ಹೇಗೆ, ಹಣ ಎಷ್ಟು ಹೊಂದಿಸಬಲ್ಲಿರಿ. ಆ ಉತ್ತರಗಳಿಂದ ಕೆಲವು ಮೂಲ ಮಾದರಿಗಳು ಹುಟ್ಟಿದವು. ಪ್ರತಿ ಮಾದರಿಯೂ ಕುಟುಂಬದ ಅಗತ್ಯಕ್ಕೂ ನಿವೇಶನದ ಇಳಿಜಾರಿಗೂ ತಕ್ಕಂತೆ ಬದಲಾಗುತ್ತಿತ್ತು. ಬಳಕೆದಾರರ ಸಹಭಾಗಿತ್ವ ಎಂಬುದು ವಾಸ್ತುಶಿಲ್ಪ ಶಾಲೆಗಳಲ್ಲಿ ಚರ್ಚೆಯ ವಿಷಯವಾಗುವುದಕ್ಕೆ ಬಹಳ ಮೊದಲು ನಡೆದ ಕೆಲಸವಿದು.

ಈ ಯೋಜನೆಯ ಕಾಲವನ್ನೂ ಗಮನಿಸಬೇಕು. 1956ರಲ್ಲಿ ಸಿಂಹಳವನ್ನಷ್ಟೇ ಆಡಳಿತ ಭಾಷೆಯಾಗಿ ಮಾಡುವ ಕಾಯ್ದೆ ಬಂತು. 1958ರಲ್ಲಿ ತಮಿಳರ ವಿರುದ್ಧ ಭೀಕರ ಗಲಭೆಗಳು ನಡೆದವು. ಅದೇ ವರ್ಷಗಳಲ್ಲಿ ಸಿಂಹಳರು, ತಮಿಳರು, ಮುಸ್ಲಿಮರು, ಬರ್ಗರರು ಒಂದೇ ಬಡಾವಣೆಯಲ್ಲಿ ಅಕ್ಕಪಕ್ಕದಲ್ಲಿ ಬಾಳುವಂತೆ ವಟಪುಲುವ ರೂಪುಗೊಂಡಿತು. ವಾಸ್ತುಶಿಲ್ಪಿಯೊಬ್ಬರು ಜನಾಂಗೀಯ ದ್ವೇಷವನ್ನು ನಕ್ಷೆಯಿಂದ ಪರಿಹರಿಸಿದರು ಎಂದು ಯಾರೂ ಹೇಳಲಾರರು. ಆದರೆ ಸಿಂಹಳ ಬೌದ್ಧ ತಂದೆ ಮತ್ತು ಬರ್ಗರ್ ಕ್ರೈಸ್ತ ತಾಯಿಯ ಮಗಳಿಗೆ ಈ ಮಿಶ್ರಣ ತೀರ ಸಹಜವಾಗಿ ಕಂಡಿದ್ದಿರಬೇಕು.

ಇನ್ನು ಅವರ ಹೆಸರು ಏಕೆ ಮರೆಯಾಯಿತು ಎಂಬ ಪ್ರಶ್ನೆ. ‘ಬಾವಾ ಕದ್ದರು’ ಎಂಬ ಧಾಟಿಯ ಬರಹಗಳು ಈಚೆಗೆ ಹೆಚ್ಚುತ್ತಿವೆ. ಅವನ್ನು ನಾನು ಒಪ್ಪುವುದಿಲ್ಲ. ಜೆಫ್ರಿ ಬಾವಾ ವಾಸ್ತುಶಿಲ್ಪದ ಅರ್ಹತೆ ಪಡೆದದ್ದು 1957ರಲ್ಲಿ. ಆ ಹೊತ್ತಿಗೆ ಮಿನೆಟ್ ಸುಮಾರು ಒಂಬತ್ತು ವರ್ಷ ಕೆಲಸ ಮಾಡಿದ್ದರು, ತೊಟ್ಟಿ, ಹೆಂಚು, ಕೈಕಸುಬುಗಳನ್ನು ಆಧುನಿಕ ಮನೆಗೆ ತಂದಿದ್ದರು. ಡೆನ್ಮಾರ್ಕಿನ ವಾಸ್ತುಶಿಲ್ಪಿ ಉಲ್ರಿಕ್ ಪ್ಲೆಸ್ನರ್ 1958ರಲ್ಲಿ ದ್ವೀಪಕ್ಕೆ ಬಂದದ್ದೇ ಮಿನೆಟ್ ಅವರ ಕಚೇರಿಗೆ. ಅನಂತರ ಅವರು ಬಾವಾ ಅವರನ್ನು ಸೇರಿ, ಅವರ ಆರಂಭದ ಪ್ರಸಿದ್ಧ ಕಟ್ಟಡಗಳಲ್ಲಿ ಜೊತೆಗಿದ್ದರು. ಆಲೋಚನೆಗಳು ಹರಿದ ಒಂದು ಕಾಲುವೆ ಇದು ಎಂದು ಧೈರ್ಯವಾಗಿ ಬರೆಯಬಹುದು. ಆದರೆ ಬಾವಾ ಆ ಆಲೋಚನೆಗಳನ್ನು ತಮ್ಮದೇ ಆದ ಕಣ್ಣಿನಿಂದ, ಬೇರೆಯದೇ ಪ್ರಮಾಣದಲ್ಲಿ ಬೆಳೆಸಿದರು ಎಂಬುದೂ ಅಷ್ಟೇ ನಿಜ.

ವ್ಯತ್ಯಾಸ ಹೆಚ್ಚಾಗಿ ಕಚೇರಿಯದು. ಬಾವಾ ಅವರಿಗೆ ಕೊಲಂಬೊದ ಹಳೆಯ ಸಂಸ್ಥೆಯೊಂದರ ಆಸರೆ, ನುರಿತ ಸಹೋದ್ಯೋಗಿಗಳು, ಹೋಟೆಲುಗಳ ಮತ್ತು ಸರ್ಕಾರದ ದೊಡ್ಡ ಕೆಲಸಗಳು ಒದಗಿದವು. ಮಿನೆಟ್ ಕ್ಯಾಂಡಿಯಲ್ಲಿ ಬಹುಮಟ್ಟಿಗೆ ಒಬ್ಬರೇ ನಿಂತು ದುಡಿದರು; ಬಂದ ಕೆಲಸಗಳಲ್ಲಿ ಹೆಚ್ಚಿನವು ಪರಿಚಯದವರ ಮನೆಗಳು. 1950ರಲ್ಲಿ ತಂದೆ ತೀರಿಕೊಂಡಾಗ ದೊಡ್ಡ ಆಸರೆ ಹೋಯಿತು. 1960ರ ದಶಕದ ಆರಂಭದಲ್ಲಿ ತಾಯಿ ಹೋದ ಮೇಲೆ ಅವರು ಬಹಳ ಕುಗ್ಗಿದರು, ದೀರ್ಘಕಾಲ ಊರಿನಿಂದ ದೂರ ಉಳಿಯುತ್ತಿದ್ದರು. ದ್ವೀಪದಲ್ಲಿ ಆಮದು ನಿರ್ಬಂಧಗಳು ಬಿಗಿಯಾಗಿ, ಸ್ಥಳೀಯ ಸಾಮಗ್ರಿಯಿಂದ ಕಟ್ಟುವುದು ಎಲ್ಲರಿಗೂ ಅನಿವಾರ್ಯವಾದದ್ದು ಸರಿಯಾಗಿ ಆ ದಶಕದಲ್ಲಿ. ಅವರು ಹತ್ತು ವರ್ಷ ಮೊದಲೇ ಸಿದ್ಧಪಡಿಸಿದ್ದ ಪಾಠಕ್ಕೆ ಗಿರಾಕಿಗಳು ಬಂದಾಗ ಅಂಗಡಿ ಅರ್ಧ ಮುಚ್ಚಿತ್ತು. ಇದರ ಜೊತೆಗೆ ಹೆಣ್ಣೆಂಬ ಕಾರಣಕ್ಕೆ ಎದುರಿಸಿದ ಅಪನಂಬಿಕೆಯನ್ನೂ ಸೇರಿಸಿ. ಅದೊಂದೇ ಕಾರಣವಲ್ಲ, ಆದರೆ ಪ್ರತಿಯೊಂದು ಕಾರಣವನ್ನೂ ಅದು ಭಾರವಾಗಿಸಿತು.

1973ರಲ್ಲಿ ಕಚೇರಿ ಮುಚ್ಚಿ ಲಂಡನ್ನಿಗೆ ಹೋದರು. ಅಲ್ಲಿ ಅವರು ಮಾಡಿದ ಒಂದು ಕೆಲಸ ನಿಮಗೆ ಕುತೂಹಲ ಹುಟ್ಟಿಸಬಹುದು. ವಾಸ್ತುಶಿಲ್ಪದ ವಿದ್ಯಾರ್ಥಿಗಳೆಲ್ಲ ಒಮ್ಮೆಯಾದರೂ ತಿರುವಿಹಾಕುವ ಬ್ಯಾನಿಸ್ಟರ್ ಫ್ಲೆಚರ್ ಅವರ ಇತಿಹಾಸ ಗ್ರಂಥ ಒಂದು ಕಾಲಕ್ಕೆ ಭಾರತ, ಚೀನಾ, ಜಪಾನುಗಳ ವಾಸ್ತುಶಿಲ್ಪವನ್ನೆಲ್ಲ ‘ಅನೈತಿಹಾಸಿಕ ಶೈಲಿಗಳು’ ಎಂದು ಪ್ರತ್ಯೇಕ ಮೂಲೆಗೆ ತಳ್ಳಿತ್ತು. 1975ರಲ್ಲಿ ಬಂದ ಅದರ ಹದಿನೆಂಟನೆಯ ಆವೃತ್ತಿಗೆ ದಕ್ಷಿಣ ಏಷ್ಯಾದ ಭಾಗವನ್ನು ಬರೆದವರಲ್ಲಿ ಮಿನೆಟ್ ಇದ್ದರು. ಅನಂತರ 1979ರವರೆಗೆ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ ಏಷ್ಯಾದ ವಾಸ್ತುಶಿಲ್ಪದ ಇತಿಹಾಸವನ್ನು ಕಲಿಸಿದರು. ಮರಳಿ ಕ್ಯಾಂಡಿಗೆ ಬಂದ ಮೇಲೆ 1980ರ ದಶಕದ ಮೊದಲ ವರ್ಷಗಳಲ್ಲಿ ಕಟ್ಟಿದ ಕಲಾಕೇಂದ್ರ ಅವರ ಕೊನೆಯ ಮುಖ್ಯ ಕೆಲಸ. 1996ರಲ್ಲಿ ಶ್ರೀಲಂಕಾದ ವಾಸ್ತುಶಿಲ್ಪಿಗಳ ಸಂಸ್ಥೆ ಚಿನ್ನದ ಪದಕ ಕೊಟ್ಟಿತು. 1998ರ ನವೆಂಬರ್ 24ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಕ್ಯಾಂಡಿಯಲ್ಲಿ ತೀರಿಕೊಂಡರು. ಆತ್ಮಕಥನದ ಮೊದಲ ಸಂಪುಟ ಅಚ್ಚಾದದ್ದು ಅದೇ ವರ್ಷ. ಅವರ ಕಟ್ಟಡಗಳಲ್ಲಿ ಹಲವು ಈಗಾಗಲೇ ನೆಲಸಮವಾಗಿವೆ ಅಥವಾ ಗುರುತು ಸಿಗದಷ್ಟು ಬದಲಾಗಿವೆ. ಅವರು ಬಾಳಿ ಕೆಲಸ ಮಾಡಿದ ಕ್ಯಾಂಡಿಯ ಸೇಂಟ್ ಜಾರ್ಜ್ಸ್ ಮನೆಯೂ ಪಾಳುಬಿದ್ದಿತು.

ಕಿರುಪ್ರಬಂಧಕ್ಕೆ ಬಹುಪಾಲು ವಿದ್ಯಾರ್ಥಿಗಳು ಕರುಣಾರತ್ನೆ ಮನೆಯನ್ನೇ ಆರಿಸುತ್ತಾರೆ, ಏಕೆಂದರೆ ಚಿತ್ರಗಳು ಸಿಗುತ್ತವೆ. ನನ್ನ ಸಲಹೆ ವಟಪುಲುವ. ಅಲ್ಲಿ ಕೇಳಬೇಕಾದ ಪ್ರಶ್ನೆ ಸ್ಪಷ್ಟವಾಗಿದೆ: ಪ್ರಶ್ನಾವಳಿಯಲ್ಲಿ ಜನ ಕೊಟ್ಟ ಉತ್ತರಗಳಿಂದ ನಕ್ಷೆಯಲ್ಲಿ ಏನು ಬದಲಾಯಿತು? ಇದನ್ನು ಬರೆಯಲು ಶೈಲಿಯ ವರ್ಣನೆ ಸಾಲದು. ಮಾದರಿ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ಅಡುಗೆಮನೆ, ಜಗಲಿ, ಪ್ರವೇಶ ಎಲ್ಲಿಂದ ಎಲ್ಲಿಗೆ ಸರಿದಿವೆ ಎಂದು ನೋಡಬೇಕಾಗುತ್ತದೆ. ಕ್ಯಾಂಡಿಗೆ ಹೋಗಲು ಅನುಕೂಲವಿಲ್ಲದಿದ್ದರೆ 1953ರ ‘ಮಾರ್ಗ್’ ಲೇಖನವನ್ನು ಹುಡುಕಿ, ಕರುಣಾರತ್ನೆ ಮನೆಯ ಸೀಳುನೋಟವನ್ನು (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ನಕ್ಷೆ) ನೀವೇ ಅಳತೆಗೆ ಬರೆದು, ಬೆಂಗಳೂರಿನಲ್ಲಿ ಉಳಿದಿರುವ ಕೋನಿಗ್ಸ್‌ಬರ್ಗರ್ ಕಟ್ಟಡವೊಂದರ ಸೀಳುನೋಟದೊಂದಿಗೆ ಹೋಲಿಸಬಹುದು. ಬಿಸಿಲು ತಡೆಯುವ ಮತ್ತು ಗಾಳಿ ಹಾಯಿಸುವ ಉಪಾಯಗಳಲ್ಲಿ ಗುರು ಮತ್ತು ಶಿಷ್ಯೆ ಎಲ್ಲಿ ಕೂಡುತ್ತಾರೆ, ಎಲ್ಲಿ ಬೇರೆಯಾಗುತ್ತಾರೆ ಎಂಬುದು ಅದರಿಂದ ಗೊತ್ತಾಗುತ್ತದೆ. ಇಸವಿಗಳ ವಿಷಯದಲ್ಲಿ ಮಾತ್ರ ಜಾಗರೂಕರಾಗಿರಿ. ಅವರ ಕಟ್ಟಡಗಳಿಗೆ ಒಂದೊಂದು ಬರಹದಲ್ಲಿ ಒಂದೊಂದು ವರ್ಷ ಕಾಣುವುದಕ್ಕೆ ಕೆಲವರು ವಿನ್ಯಾಸದ ವರ್ಷವನ್ನು, ಇನ್ನು ಕೆಲವರು ಕಟ್ಟಿ ಮುಗಿದ ವರ್ಷವನ್ನು ಕೊಡುವುದೂ ಒಂದು ಕಾರಣ; ನಿಮ್ಮ ಪ್ರಬಂಧದಲ್ಲಿ ಎರಡನ್ನೂ ಪ್ರತ್ಯೇಕವಾಗಿ ನಮೂದಿಸಿ.